ಗಾಳಿಗುಳ್ಳೆ ಹಾಗೇ ಇರಲಿ

ಜೂನ್ ೪

ಮೊಂಡಿಗೆ,

ನಿನ್ನ ಕಾಗದ ಬಂತು. ಮೊದಲು ನಿಂತುಕೊಂಡು ಓದಿದೆ. ಆಮೇಲೆ ಕೂತು ಓದಿದೆ. ಆಮೇಲೆ ಕನ್ನಡಕ ಒರೆಸಿಕೊಂಡು ಓದಿದೆ. ಅದೇ ಬರೆದಿತ್ತು. ನೀನು ಮತ್ತೆ ಬಸುರಿ. ಒಳ್ಳೇ ಸುದ್ದಿ. 

ಅದರ ಕೆಳಗೆ ಬರೆದಿದ್ದನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ದಿನಾ ಒಂದು ಇಂಜೆಕ್ಷನ್, ಅದೂ ಹೊಟ್ಟೆಗೆ, ಹೆರಿಗೆಯಾಗುವ ತನಕ. ತೋಳಿಲ್ಲವಾ, ತೊಡೆಯಿಲ್ಲವಾ? ಮಗು ಮಲಗಿರುವ ಜಾಗಕ್ಕೇ ಚುಚ್ಚಿಕೋ ಅಂತ ಯಾವ ಡಾಕ್ಟರಮ್ಮ ಹೇಳಿದಳು? ನಿನ್ನ ರಕ್ತ ಬೇಗ ಗಟ್ಟಿಯಾಗುತ್ತದೆ, ಹೋದ ವರ್ಷ ಎಂಟು ತಿಂಗಳಿಗೆ ಮಗು ಹೊಟ್ಟೆಯಲ್ಲೇ ಹೋಗಿದ್ದು ಅದಕ್ಕೇ ಅಂದರೆ ನಂಬುತ್ತೇನೆ. ಓದಿದವರು ಹೇಳಿದ್ದನ್ನು ಅಲ್ಲಗಳೆಯಲು ನಾನ್ಯಾರು, ನಾಲ್ಕನೇ ತರಗತಿಯ ಪರೀಕ್ಷೆಗೂ ಕೂರದವಳು. ಆದರೂ ಕೇಳಿ ನೋಡು. ತೋಳಿಗೆ ಆಗುತ್ತದಾ ಅಂತ ಒಂದು ಮಾತು ಕೇಳಿದರೆ ಅವರ ಗಂಟೇನೂ ಹೋಗುವುದಿಲ್ಲ.

"ಈ ಸಲ ಬರಬೇಡ, ಬರೆ ಅಷ್ಟೇ" ಅಂದಿದ್ದೀಯ. ಆಯಿತು ತಾಯಿ. ಹೋದ ಸಲ ಬಂದು ನಿನ್ನ ನಿದ್ದೆ ಕೆಡಿಸಿದ್ದು ನನಗೂ ಗೊತ್ತು. ನೀನು ಮಲಗಿದಾಗ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ, ನೀನು ಬೆಚ್ಚಿ ಏಳುತ್ತಿದ್ದೆ. ಫೋನ್ ಮಾಡೋಣವೆಂದರೆ ನನ್ನ ಎರಡು ಕಿವಿಯನ್ನೂ ಮಿಲ್ಲಿನ ಮಗ್ಗಗಳೇ ತಿಂದು ತೇಗಿವೆ. ಎದುರಿಗಿದ್ದು ತುಟಿ ಅಲ್ಲಾಡಿಸಿದರೆ ಮಾತ್ರ ನನಗೆ ಮಾತು. ಹಾಗಾಗಿ ಕಾಗದವೇ ಗತಿ. ಬೇಗ ಬರೆ. ತಡವಾದರೆ ನನ್ನ ತಲೆ ಎಲ್ಲೆಲ್ಲಿಗೆ ಓಡುತ್ತದೆ ಅಂತ ನಿನಗೆ ಗೊತ್ತಲ್ಲ.

ನಿನ್ನ ಅಮ್ಮ


ಜೂನ್ ೧೫

ಅಮ್ಮ,

ಕೇಳಿದೆ. ತೋಳಿಗಲ್ಲ, ಹೊಟ್ಟೆಗೇ. ಚರ್ಮದ ಕೆಳಗಿನ ಕೊಬ್ಬಿಗೆ ಮಾತ್ರ ಹೋಗುವುದು, ಮಗುವಿನ ಹತ್ತಿರಕ್ಕೂ ಸುಳಿಯುವುದಿಲ್ಲ. "ನಿಮ್ಮಮ್ಮನಿಗೆ ಹೇಳಿ, ಮಗು ಮೂರು ಗೋಡೆ ಆಚೆ ಇದೆ" ಅಂದರು ಡಾಕ್ಟರಮ್ಮ. ನೀನೇ ಕೇಳಿಸಿದ್ದು ಅಂತ ಅವರಿಗೆ ಹೇಗೆ ಗೊತ್ತಾಯಿತೋ.

ಹೊಕ್ಕುಳಿನಿಂದ ಸ್ವಲ್ಪ ದೂರ, ಒಂದು ದಿನ ಬಲಗಡೆ, ಒಂದು ದಿನ ಎಡಗಡೆ. ಚರ್ಮವನ್ನು ಎರಡು ಬೆರಳಿನಿಂದ ಚಿಮ್ಮಟದ ಹಾಗೆ ಹಿಡಿದು ಸೂಜಿ ನೆಟ್ಟಗೆ ಇಳಿಸಬೇಕು. ಸಿಸ್ಟರ್ ಒಂದೇ ಸಲ ತೋರಿಸಿದ್ದು, ಹಿಂದೆ ದೊಡ್ಡ ಸಾಲು ನಿಂತಿತ್ತು. ನಿನ್ನ ಅಳಿಯ ಇದ್ದಿದ್ದರೆ ಅವನ ಕೈಗೆ ಕೊಡುತ್ತಿದ್ದೆ. ಅವನು ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಯಾವ ಸಮುದ್ರದಲ್ಲಿದ್ದಾನೋ. ಕರಾರು ಮುಗಿಯುವ ತನಕ ಬಿಡುವುದಿಲ್ಲವಂತೆ.

ತಮಾಷೆ ಏನು ಗೊತ್ತಾ? ಕನ್ನಡಕದ ಗಾಜಿನ ಅಂಚು ಉಜ್ಜುವಾಗ ನನ್ನ ಕೈ ಕೂದಲೆಳೆಯಷ್ಟೂ ಅಲುಗುವುದಿಲ್ಲ. ನಮ್ಮ ಅಂಗಡಿಯವರು ದುಬಾರಿ ಗಾಜನ್ನೆಲ್ಲ ನನಗೇ ಕೊಡುವುದು. ಅದೇ ಕೈ ಸೂಜಿ ಹಿಡಿದರೆ ಬೇರೆ ಯಾರದ್ದೋ ಆಗಿಬಿಡುತ್ತದೆ. ಸಿರಿಂಜಿನೊಳಗೆ ಮೀನಿನ ಕಣ್ಣಿನಷ್ಟು ಒಂದು ಗಾಳಿಗುಳ್ಳೆ ಇರುತ್ತದೆ, ಅದನ್ನೇ ನೋಡುತ್ತಾ ಕೂರುತ್ತೇನೆ. ಕಣ್ಣು ಮುಚ್ಚಿಕೊಂಡು ಚುಚ್ಚುವ ಹಾಗೂ ಇಲ್ಲ.

ಒಂದು ಮಾತು. ನಮ್ಮ ಕಡೆ ಯಾರಿಗಾದರೂ ರಕ್ತ ಹೆಪ್ಪುಗಟ್ಟಿ ಏನಾದರೂ ಆಗಿತ್ತಾ ಅಂತ ಕೇಳಿದರು. ಯೋಚನೆ ಮಾಡಿ ಬರೆ.

ಮೊಂಡಿ


ಜೂನ್ ೨೨

ಮೊಂಡಿಗೆ,

ಗಾಳಿಗುಳ್ಳೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಊಟದ ತಟ್ಟೆಯನ್ನು ಅರ್ಧಕ್ಕೇ ಎತ್ತಿಟ್ಟೆ. ಅದನ್ನು ಹೊರಗೆ ಹಾಕದೆ ಚುಚ್ಚಿಕೊಳ್ಳುತ್ತಿದ್ದೀಯಾ? ಅಯ್ಯೋ ನನ್ನ ಕರ್ಮವೇ. ಗಾಳಿ ಮೈಯೊಳಗೆ ಹೋದರೆ ನೇರ ಹೃದಯಕ್ಕೆ ಹೋಗಿ ಕೂರುತ್ತದೆ ಕಣೆ! ನಮ್ಮ ಮಿಲ್ಲಿನ ಕಾಂಪೌಂಡರ್ ಇದ್ದರಲ್ಲ, ಮಗ್ಗದಿಂದ ಶಟಲ್ ಹಾರಿ ಯಾರಿಗಾದರೂ ಗಾಯವಾದರೆ ಓಡಿ ಬರುತ್ತಿದ್ದವರು, ಅವರು ಸಿರಿಂಜನ್ನು ಮೇಲೆ ಹಿಡಿದು, ಉಗುರಿನಿಂದ ಟಕ್ ಟಕ್ ಅಂತ ಹೊಡೆದು, ಪಿಚಕ್ಕನೆ ಎರಡು ಹನಿ ಹಾರಿಸದೆ ಯಾರನ್ನೂ ಚುಚ್ಚಿದವರಲ್ಲ. ಅಷ್ಟು ವರ್ಷ ನನ್ನ ಕಣ್ಣಾರೆ ನೋಡಿದ್ದು. ನೀನೂ ಹಾಗೇ ಮಾಡು. ಗಾಳಿ ಪೂರ್ತಿ ಹೋಗಿ ಔಷಧಿ ಹನಿ ಕಾಣುವ ತನಕ ಒತ್ತು. ಆಮೇಲೆ ಬಿಸಿ ಬಟ್ಟೆಯಿಂದ ಆ ಜಾಗ ಚೆನ್ನಾಗಿ ಉಜ್ಜು, ಗಂಟು ಕಟ್ಟುವುದಿಲ್ಲ. ನನ್ನ ಮೇಲಾಣೆ.

ನಮ್ಮ ಕಡೆ ಯಾರಿಗೂ ಅಂಥ ಕಾಯಿಲೆ ಇಲ್ಲ ಅಂತ ಹೇಳು. ನಿನ್ನ ಅಜ್ಜಿ ಮುಪ್ಪಿನಲ್ಲಿ ಹೋದಳು, ಅಪ್ಪನದು ಹೊಟ್ಟೆಹುಣ್ಣು. ದೊಡ್ಡಮ್ಮ ಬಾಣಂತಿಯಾಗಿದ್ದಾಗ ಹೋಗಿದ್ದು ಎದೆನೋವಿಗೆ, ಅದು ಬೇರೆ.

ಈಗ ನಾನು ಮಗ್ಗದ ಹತ್ತಿರ ನಿಲ್ಲುವುದಿಲ್ಲ. ಬಟ್ಟೆ ನೋಡುವ ಮೇಜಿನಲ್ಲಿ ಕೂರಿಸಿದ್ದಾರೆ, ಕಡಿದ ಎಳೆ ಹುಡುಕಿ ಹೆಣೆಯುವುದು. ಇವತ್ತು ಒಂದೇ ಜಾಗವನ್ನು ಎರಡು ಸಲ ಹೆಣೆದಿಟ್ಟೆ. ಪಕ್ಕದ ಹೆಂಗಸು "ಏನಜ್ಜಿ, ಬಟ್ಟೆಗೆ ಸ್ವೆಟರ್ ಹಾಕ್ತಿದೀಯಾ?" ಅಂತ ತುಟಿ ಅಲ್ಲಾಡಿಸಿ ನಕ್ಕಳು. ಅಜ್ಜಿಯಂತೆ! ಅವಳ ಬಾಯಿಯ ಹಾರೈಕೆಯಿಂದಾದರೂ ಆಗಲಿ.

ಅಮ್ಮ


ಜುಲೈ ೧೯

ಅಮ್ಮ,

ಆಯಿತು, ಗಾಳಿ ತೆಗೆದೇ ಚುಚ್ಚಿಕೊಳ್ಳುತ್ತಿದ್ದೇನೆ. ನೀನು ಹೃದಯ ಗಿದಯ ಅಂತ ಬರೆದ ಮೇಲೆ ಬೇರೆ ದಾರಿ ಇತ್ತಾ? ಮೊದಲು ನನಗೆ ಸೂಜಿಯದೊಂದೇ ಹೆದರಿಕೆ ಇತ್ತು, ಈಗ ಗಾಳಿಯದೂ ಸೇರಿಕೊಂಡಿದೆ. ಬಿಸಿ ಬಟ್ಟೆಯಲ್ಲಿ ಉಜ್ಜುತ್ತಲೂ ಇದ್ದೇನೆ. ಆದರೂ ಹೊಟ್ಟೆಯ ತುಂಬ ಕಲೆ. ಹೊಸದು ನೇರಳೆ, ಹಳೆಯದು ಹಸಿರು, ಇನ್ನೂ ಹಳೆಯದು ಹಳದಿ. ಕನ್ನಡಿಯಲ್ಲಿ ನೋಡಿದರೆ ಯಾರೋ ದೊಣ್ಣೆ ತೆಗೆದುಕೊಂಡು ಹೊಡೆದ ಹಾಗಿದೆ. ಅಂಗಡಿಯಲ್ಲಿ ಮೇಲಿನ ಕಪಾಟಿಗೆ ಕೈ ಚಾಚಿದಾಗ ಅಂಗಿ ಮೇಲೆ ಹೋಗಿ, ಯಜಮಾನರ ಹೆಂಡತಿ ನೋಡಿಬಿಟ್ಟಳು. "ನಿನ್ನ ಗಂಡ ಊರಲ್ಲಿಲ್ಲ ತಾನೇ?" ಅಂತ ಮೆಲ್ಲಗೆ ಕೇಳಿದಳು. ಪಾಪ, ಸಮುದ್ರದ ಮಧ್ಯೆ ಇರುವವನ ಮೇಲೂ ಅಪವಾದ.

ಮಗು ಚೆನ್ನಾಗಿದೆ ಅಂತ ಅಂದರು. ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ, ಸದ್ಯಕ್ಕೆ. ಹೋದ ಸಲ ಎಲ್ಲರಿಗೂ ಹೇಳಿ ಆಮೇಲೆ ಒಬ್ಬೊಬ್ಬರಿಗೂ ತಿರುಗಿ ಹೇಳಬೇಕಾಯಿತಲ್ಲ.

ನೀನು ಊಟ ಮಾಡು.

ಮೊಂಡಿ


ಆಗಸ್ಟ್ ೮

ಮೊಂಡಿಗೆ,

ಕಲೆ ಬಿದ್ದರೆ ಬೀಳಲಿ, ಚರ್ಮ ಇರುವುದೇ ಅದಕ್ಕೆ. ಆದರೆ ಜೋರಾಗಿ ಉಜ್ಜುತ್ತಿಲ್ಲವೇನೋ ಅಂತ ನನ್ನ ಅನುಮಾನ.

ಕೆಲಸದಿಂದ ಬರುವಾಗ ಹಳೇ ಮಗ್ಗದ ಶೆಡ್ಡಿನ ಹತ್ತಿರ ಒಂದು ಗಳಿಗೆ ನಿಂತೆ. ನಿನಗೆ ನೆನಪಿದೆಯಾ, ನೀನು ಆ ಬಾಗಿಲಲ್ಲಿ ಕೂತು ಕಾಪಿ ಬರೆಯುತ್ತಿದ್ದೆ. ಒಳಗೆ ಕೂಗಿದರೆ ಪಕ್ಕದವರಿಗೂ ಕೇಳುತ್ತಿರಲಿಲ್ಲ. ಯಾರಿಗಾದರೂ ಮಗ್ಗ ಬಿಟ್ಟು ಹೊರಗೆ ಹೋಗಬೇಕಾದರೆ ಪಕ್ಕದವಳ ಹೆಗಲ ಮೇಲೆ ಎರಡು ಸಲ ತಟ್ಟುವುದು. ನನ್ನ ಮಗ್ಗ ನೋಡಿಕೋ ಅಂತ. ತಟ್ಟಿಸಿಕೊಂಡವಳು ಯಾಕೆ, ಎಲ್ಲಿಗೆ ಅಂತ ಕೇಳುವ ಹಾಗಿಲ್ಲ. ಒಬ್ಬಳು ಅಳುವುದಕ್ಕೆ ಹೋಗಿರುತ್ತಾಳೆ, ಇನ್ನೊಬ್ಬಳು ಮಗುವಿಗೆ ಹಾಲು ಕೊಡುವುದಕ್ಕೆ. ಎಳೆ ಕಡಿಯದ ಹಾಗೆ ನೋಡಿಕೊಂಡರೆ ಮುಗಿಯಿತು. ನೀನು ಅದನ್ನು ಕಲಿತುಕೊಂಡು ಮನೆಯಲ್ಲಿ ಪಾತ್ರೆ ತೊಳೆಯುವ ಹೊತ್ತಿಗೆ ಬಂದು ನನ್ನ ಹೆಗಲಿಗೆ ಎರಡು ತಟ್ಟಿ ಓಡುತ್ತಿದ್ದೆ, ಕಳ್ಳಿ. ನಾನು ಮಾತಿಲ್ಲದೆ ತೊಳೆಯುತ್ತಿದ್ದೆ.

ಈಗ ತಟ್ಟಬಾರದಾ? ನಾನು ಬರಬೇಡವಾ ಅಂತ ಕೇಳುತ್ತಿಲ್ಲ. ಸುಮ್ಮನೆ ಬರೆದೆ.

ಅಮ್ಮ


ಸೆಪ್ಟೆಂಬರ್ ೧೦

ಅಮ್ಮ,

ಇವತ್ತು ಆಸ್ಪತ್ರೆಯಲ್ಲಿ ಚೆನ್ನಾಗಿ ಬೈಸಿಕೊಂಡೆ. ಹೊಸ ಸಿಸ್ಟರ್ ಬಂದಿದ್ದಾಳೆ, ಕಟ್ಟುಮಸ್ತಾದ ಹೆಂಗಸು, ಮಾತು ಇನ್ನೂ ಕಟ್ಟುಮಸ್ತು. ಹೊಟ್ಟೆ ನೋಡಿ "ಇದೇನಮ್ಮಾ, ನಕ್ಷೆ ಬರೆಸ್ಕೊಂಡಿದೀಯಾ? ಹೇಗೆ ಚುಚ್ಕೊಳ್ತೀಯ, ನನ್ನೆದುರಿಗೆ ತೋರ್ಸು" ಅಂದಳು. ನಾನು ನಿನ್ನ ಕಾಂಪೌಂಡರ್ ಥರ ಟಕ್ ಟಕ್ ಹೊಡೆದು ಗಾಳಿ ಹಾರಿಸಿದ್ದೇ ತಡ, ನನ್ನ ಮಣಿಕಟ್ಟು ಹಿಡಿದಳು. "ಏಯ್, ಅದನ್ಯಾಕೆ ಹಾರಿಸ್ತೀಯ? ಆ ಗುಳ್ಳೆ ಬೇಕು ಅಂತಾನೇ ಇಟ್ಟಿರೋದು. ಕೊನೇಲಿ ಅದು ಹಿಂದಿನಿಂದ ತಳ್ಳಿದ್ರೇನೇ ಔಷಧಿ ಪೂರ್ತಿ ಒಳಗೆ ಹೋಗೋದು. ನೀನು ದಿನಾ ಗಾಳಿ ಜೊತೆ ಔಷಧೀನೂ ಚೆಲ್ತಿದೀಯ." ಚರ್ಮದ ಕೆಳಗೆ ಹೋದ ಅಷ್ಟು ಗಾಳಿಯಿಂದ ಏನೂ ಆಗುವುದಿಲ್ಲವಂತೆ. ಉಜ್ಜಲೇಬಾರದಂತೆ, ಉಜ್ಜಿದ್ದಕ್ಕೇ ಈ ಬಣ್ಣಗಳೆಲ್ಲ.

ಇವತ್ತಿನಿಂದ ಗುಳ್ಳೆ ಹಾಗೇ ಇರುತ್ತದೆ. ನೀನು ಇದನ್ನು ತಲೆಗೆ ಹಚ್ಚಿಕೊಂಡು ಕೂರಬೇಡ.

ಮಗು ಒದೆಯುತ್ತಿದೆ. ಸೂಜಿ ಹಿಡಿದಾಗಲೇ ಜೋರಾಗಿ ಒದೆಯುತ್ತದೆ, ನಿನ್ನ ಹಾಗೇ ಪುಕ್ಕಲು.

ಮೊಂಡಿ


ಸೆಪ್ಟೆಂಬರ್ ೧೭

ಮೊಂಡಿಗೆ,

ತಲೆಗೆ ಹಚ್ಚಿಕೊಳ್ಳಬೇಡ ಅಂದರೆ ಎಲ್ಲಿ ಇಟ್ಟುಕೊಳ್ಳಲಿ?

ಜೂನ್ ಕೊನೆಯಿಂದ ಇಲ್ಲಿಯ ತನಕ ದಿನಾ ಎರಡು ಹನಿ. ಒಂದು ಚಮಚದಲ್ಲಿ ನೀರು ಹಾಕಿ ನೋಡಿದೆ, ಎಷ್ಟಾಗುತ್ತದೆ ಅಂತ. ಆಮೇಲೆ ಚಮಚವನ್ನು ಮೋರಿಗೆ ಬಡಿದು ಎಸೆದೆ. ಕಾಂಪೌಂಡರ್ ಕೊಡುತ್ತಿದ್ದದ್ದು ಬೇರೆ ಔಷಧಿ, ಬೇರೆ ಸೂಜಿ, ಅದು ನನಗೆ ಹೊಳೆಯಲೇ ಇಲ್ಲ. ನೋಡಿದ್ದನ್ನೇ ದೊಡ್ಡ ವಿದ್ಯೆ ಅಂದುಕೊಂಡು ನಿನಗೆ ಆಣೆ ಹಾಕಿ ಬರೆದೆ. ನಿನ್ನ ಕಾಗದದಲ್ಲಿ ಬೈಗುಳ ಇಲ್ಲ. ಎರಡು ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರಮ್ಮನಿಗೆ ಇದನ್ನು ಹೇಳಿದೆಯಾ? ಬಿಟ್ಟುಹೋದ ಹನಿಗಳನ್ನು ಈಗ ಸೇರಿಸಿ ಕೊಡಲಾಗುತ್ತದಾ ಕೇಳು. ಮಗು ಬೆಳೆದಿದೆಯಾ ಕೇಳು. ನಾನು ಬರುವುದಿಲ್ಲ, ಹೆದರಬೇಡ. ಬರೀ ಕೇಳು.

ಅಮ್ಮ


ಅಕ್ಟೋಬರ್ ೬

ಅಮ್ಮ,

ಹೇಳಿದೆ. ಅಷ್ಟರಿಂದ ಏನೂ ಆಗಿರುವುದಿಲ್ಲ ಅಂದರು. ಸೇರಿಸಿ ಕೊಡುವ ಹಾಗಿಲ್ಲ.

ಮಗು ಇರಬೇಕಾದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿದೆಯಂತೆ. ಸ್ವಲ್ಪ ಅಂದರೆ ಎಷ್ಟು ಅಂದೆ. ಸ್ಕ್ಯಾನಿಂಗ್ ಪರದೆಯ ಕಡೆ ನೋಡುತ್ತಾ "ನೋಡೋಣ" ಅಂದರು. ವಾರಕ್ಕೊಮ್ಮೆ ಬಾ ಅಂದಿದ್ದಾರೆ. ಅಂಗಡಿಗೆ ರಜೆ ಹಾಕಿದ್ದೇನೆ.

ಒದೆಯುತ್ತದೆ. ಮೊದಲಿನಷ್ಟಲ್ಲ.

ಮೊಂಡಿ


ಅಕ್ಟೋಬರ್ ೩೦

ಅಮ್ಮ,

ಮಗು ಹೋಯಿತು. ಗುರುವಾರ ಅಲುಗಲಿಲ್ಲ. ಶುಕ್ರವಾರ ಹೆರಿಗೆ ಮಾಡಿಸಿದರು. ಹೆಣ್ಣು. ಉಗುರು ಬಂದಿತ್ತು.

ಮನೆಗೆ ಬಂದಿದ್ದೇನೆ. ಬರುವಾಗ ಕೈಗೆ ಒಂದು ಡಬ್ಬ ಕೊಟ್ಟರು. ನಾನು ಮಗುವಿನ ಬಟ್ಟೆಯೇನೋ ಅಂದುಕೊಂಡೆ. ಇಂಜೆಕ್ಷನ್. ಇನ್ನು ಆರು ವಾರ ದಿನಾ ಚುಚ್ಚಿಕೊಳ್ಳಬೇಕಂತೆ, ಹೆರಿಗೆಯಾದ ಮೇಲೇ ಅಪಾಯ ಜಾಸ್ತಿ, ನಿಲ್ಲಿಸಬಾರದು ಅಂದರು. ಯಾರಿಗೋಸ್ಕರ ಅಂತ ಕೇಳಿದೆ. ಆ ಕಟ್ಟುಮಸ್ತು ಸಿಸ್ಟರ್ ಡಬ್ಬವನ್ನು ನನ್ನ ಚೀಲಕ್ಕೆ ಹಾಕಿದಳು.

ಬರಬೇಡ.


ನವೆಂಬರ್ ೬

ಮೊಂಡಿಗೆ,

ಏನು ಬರೆಯಲಿ. ನಾಲ್ಕು ಹಾಳೆ ಬರೆದು ಹರಿದೆ.

ಅವಳ ಮುಖ ನಿನ್ನ ಥರ ಇತ್ತಾ ಅಂತ ಕೇಳಬೇಕು ಅನಿಸುತ್ತದೆ, ಕೇಳಬಾರದು ಅಂತಲೂ ಅನಿಸುತ್ತದೆ. ಕೇಳಿಬಿಟ್ಟೆ. ಉತ್ತರ ಬರೆಯದಿದ್ದರೂ ಸರಿ.

ಚೆಲ್ಲಿಹೋದ ಆ ಹನಿಗಳಿಂದಲೇ ಆಯಿತಾ ಅಂತ ಈ ಸಲ ನೀನು ಬರೆದಿಲ್ಲ. ನೀನು ಬರೆಯುವುದಿಲ್ಲ ಅಂತ ನನಗೆ ಗೊತ್ತು. ಹೌದು ಅಂತಾದರೂ ಬರೆ, ಅಲ್ಲ ಅಂತಾದರೂ ಬರೆ.

ಇಂಜೆಕ್ಷನ್ ತೆಗೆದುಕೋ. ಇವತ್ತಿನದು ತೆಗೆದುಕೋ. ನಾಳೆಯದನ್ನು ನಾಳೆ ಹೇಳುತ್ತೇನೆ.

ಅಮ್ಮ


ನವೆಂಬರ್ ೧೪

ಮೊಂಡಿಗೆ,

ಎಂಟು ದಿನವಾಯಿತು, ನಿನ್ನದು ಬಂದಿಲ್ಲ. ಅಂಚೆಯವನು ನನ್ನನ್ನು ನೋಡಿದರೆ ಸೈಕಲ್ಲನ್ನು ಆಚೆ ಬದಿಗೆ ತಿರುಗಿಸಿಕೊಂಡು ಹೋಗುತ್ತಿದ್ದಾನೆ.

ಈ ಕಾಗದವನ್ನು ಪೂರ್ತಿ ಓದು. ಬೈದುಕೊಂಡಾದರೂ ಓದು.

ನಿನ್ನ ದೊಡ್ಡಮ್ಮನನ್ನು ನೀನು ನೋಡಿಲ್ಲ. ನನ್ನ ಅಕ್ಕ. ನನಗಿಂತ ದಪ್ಪಗೆ, ಬಾಯಿಬಡುಕಿ, ಮಗ್ಗದ ಸದ್ದಿನಲ್ಲೂ ಅವಳ ನಗು ಮಾತ್ರ ಕೇಳುತ್ತಿತ್ತು. ಅವಳ ಮಗುವೂ ಹೀಗೇ ಹೊಟ್ಟೆಯಲ್ಲೇ ಹೋಗಿತ್ತು. ಹೋದರೆ ಹೋಯಿತು, ತಾಯಿ ಉಳಿದಳಲ್ಲ ಅಂತ ಎಲ್ಲರೂ ಸಮಾಧಾನ ಮಾಡಿಕೊಂಡರು. ಕೆಲವು ದಿನ ಕಳೆದ ಮೇಲೆ ಎಡಗಾಲು ಭಾರ ಅಂದಳು. ನಾನೇ ಒತ್ತಿದೆ. ಒಂದು ಕಾಲು ಬಿಸಿ, ಇನ್ನೊಂದು ತಣ್ಣಗೆ. ಊದಿತ್ತು. ಮಲಗಿ ಮಲಗಿ ಹೀಗಾಗಿದೆ, ಎದ್ದು ಓಡಾಡು ಅಂದರು ಅಮ್ಮ. ಮಾರನೇ ದಿನ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ನನ್ನ ಕಡೆ ತಿರುಗಿ "ಉಸಿರು ಸಿಗ್ತಿಲ್ಲ ಕಣೆ" ಅಂದಳು. ಕೈಯಲ್ಲಿದ್ದ ಒದ್ದೆ ಟವೆಲ್ ಬಿಡಲಿಲ್ಲ, ಅದರ ಸಮೇತ ಬಿದ್ದಳು. ಎದೆನೋವು ಅಂದರು. ನಾನೂ ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದೆ, ನಿನಗೂ ಅದನ್ನೇ ಬರೆದೆ.

ನಿನ್ನೆ ಬಟ್ಟೆ ನೋಡುವ ಮೇಜಿನಲ್ಲಿ ಕೂತಿದ್ದೆ. ಒಂದು ತಾನು ಬಟ್ಟೆ ಬಂತು, ಈ ತುದಿಯಲ್ಲಿ ಎಳೆ ಕಡಿದಿತ್ತು, ಆ ತುದಿಯಲ್ಲೂ ಅದೇ ಸಾಲಿನಲ್ಲಿ ಕಡಿದಿತ್ತು. ಆಗ ಹೊಳೆಯಿತು. ನಿನ್ನ ರಕ್ತ ಅವಳದು ಕಣೆ. ಬಾಣಂತನದಲ್ಲಿ ಹೆಪ್ಪುಗಟ್ಟಿದ್ದು ಕಾಲಿನಿಂದ ಎದೆಗೆ ಹೋಗಿದೆ. ಅವಳಿಗೆ ಯಾರೂ ಡಬ್ಬ ಕೊಟ್ಟು ಕಳಿಸಲಿಲ್ಲ. ನಿನಗೆ ಕೊಟ್ಟಿದ್ದಾರೆ.

ಯಾರಿಗೋಸ್ಕರ ಅಂತ ಕೇಳಿದೆಯಲ್ಲ. ನನಗೋಸ್ಕರ. ಸ್ವಾರ್ಥ ಅಂದುಕೋ. ಆ ಟವೆಲ್ಲನ್ನು ನಾನೇ ಅವಳ ಕೈಯಿಂದ ಬಿಡಿಸಿದ್ದು. ಇನ್ನೊಂದು ಸಲ ಬಿಡಿಸುವುದಿಲ್ಲ.

ನಿನ್ನ ಎರಡು ಕಾಲನ್ನೂ ಮುಟ್ಟಿ ನೋಡಿಕೋ. ನೋಡಿಕೊಂಡು ಬರೆ.

ಅಮ್ಮ


ನವೆಂಬರ್ ೧೫, ಬಂದರಿನಿಂದ

ಅತ್ತೆಯವರಿಗೆ,

ನಾನು ನಿಮಗೆ ಯಾವತ್ತೂ ಕಾಗದ ಬರೆದವನಲ್ಲ, ತಪ್ಪು ತಿಳಿಯಬೇಡಿ. ಹಡಗು ಇಲ್ಲಿ ಎರಡು ದಿನ ನಿಂತಿದೆ. ಬಿಡಿ ಅಂತ ಕ್ಯಾಪ್ಟನ್ ಕಾಲು ಹಿಡಿದರೂ ಆಗಲಿಲ್ಲ, ತಿಂಗಳ ಕೊನೆಗೆ ಮುಂದಿನ ಬಂದರಿನಲ್ಲಿ ಇಳಿಸುತ್ತಾರಂತೆ.

ಅವಳ ಹತ್ತಿರ ಫೋನಿನಲ್ಲಿ ಮಾತಾಡಿದೆ. "ಇಂಜೆಕ್ಷನ್ ತಗೊಂಡ್ಯಾ?" ಅಂದರೆ "ಹೂಂ" ಅಂತಾಳೆ. "ಇವತ್ತು ಯಾವ ಕಡೆ?" ಅಂತ ಕೇಳಿದೆ. "ಬಲಗಡೆ" ಅಂದಳು. ನಿನ್ನೆಯೂ ಬಲಗಡೆ ಅಂದಿದ್ದಳು. ಅವಳು ತೆಗೆದುಕೊಳ್ಳುತ್ತಿಲ್ಲ.

ನಿಮಗೆ ಬರಬೇಡಿ ಅಂತ ಅವಳು ಬರೆದಿರುವುದು ನನಗೆ ಗೊತ್ತು. ನನಗೂ ಹೇಳಿದಳು, "ಅಮ್ಮ ಬಂದ್ರೆ ಅವಳ ಭಯಾನೂ ನಾನೇ ಹೊರಬೇಕು" ಅಂತ. ಕ್ಷಮಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಆದರೂ ಹೋಗಿ. ಅವಳು ಬೈದರೆ ನನ್ನ ಹೆಸರು ಹೇಳಿ.

ನಿಮ್ಮ ಅಳಿಯ


ನವೆಂಬರ್ ೨೭

ಅಳಿಯಂದಿರಿಗೆ,

ಈ ಕಾಗದ ಮುಂದಿನ ಬಂದರಿಗೆ ನಿಮಗಿಂತ ಮೊದಲು ತಲುಪಲಿ. ನಿಮ್ಮ ಕಾಗದ ಬಂದ ದಿನವೇ ಹೊರಟೆ. ನಿಮ್ಮ ಹೆಸರು ಹೇಳುವ ಪ್ರಸಂಗ ಬರಲಿಲ್ಲ. ಬಾಗಿಲು ತೆಗೆದವಳು ನನ್ನನ್ನು ನೋಡಿದಳು, ಚೀಲ ನೋಡಿದಳು, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನನ್ನಂಥ ಕಿವುಡಿಗೆ ಅದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ. ಮುಖ ತಿರುಗಿಸಿದರೆ ಮುಗಿಯಿತು, ಮಾತೇ ಇಲ್ಲ.

ಡಬ್ಬ ಬೀರುವಿನ ಮೇಲೆ ಇತ್ತು. ಅಂಟು ಕಿತ್ತಿರಲಿಲ್ಲ. ನನ್ನ ಎರಡು ಕಾಗದಗಳು ಅದರ ಕೆಳಗಿದ್ದವು, ಒಂದು ಒಡೆದಿತ್ತು, ಇನ್ನೊಂದು ಇಲ್ಲ. ಒಡೆಯದೇ ಇದ್ದದ್ದು ಅಕ್ಕನ ವಿಷಯ ಬರೆದದ್ದು.

 ಅವಳನ್ನು ಹಿಡಿದು ಅಲ್ಲಾಡಿಸಬೇಕು, ಕಾಲಿಗೆ ಬೀಳಬೇಕು, ನಾನೇ ಬಲವಂತವಾಗಿ ಚುಚ್ಚಿಬಿಡಬೇಕು ಅನಿಸಿತು. ಅವಳು ನಿಮಗೆ ಹೇಳಿದ ಮಾತು ನೆನಪಾಯಿತು. ನನ್ನ ಭಯವನ್ನು ನಾನೇ ಇಟ್ಟುಕೊಂಡೆ. ಅದು ಎಷ್ಟು ಭಾರ ಅಂತ ಆಗ ಗೊತ್ತಾಯಿತು. ಇಷ್ಟು ದಿನ ಅವಳ ಮೇಲೆ ಹೊರಿಸಿದ್ದೆನಲ್ಲ.

ಒಡೆಯದ ಕಾಗದವನ್ನು ಒಡೆದು ಹಾಸಿಗೆಯ ಪಕ್ಕ ಇಟ್ಟು ಅಡುಗೆಮನೆಗೆ ಹೋದೆ. ಮೂಗಿನ ಹತ್ತಿರ ಬೆರಳಿಡಲಿಲ್ಲ. ಹೊದಿಕೆ ಸರಿ ಮಾಡುವ ನೆಪದಲ್ಲಿ ಕಾಲು ಮಾತ್ರ ಮುಟ್ಟಿ ನೋಡಿದೆ. ಎರಡೂ ಒಂದೇ ಸಮ ಇತ್ತು. ಎರಡೂ ತಣ್ಣಗಿತ್ತು. ಹರಿದ ಪರದೆಯೊಂದು ಸಿಕ್ಕಿತು, ಕಿಟಕಿಯ ಹತ್ತಿರ ಕೂತು ಹೆಣೆಯುತ್ತಾ ಇದ್ದೆ. ಮಾರನೇ ದಿನವೂ ಅದೇ. ಅವಳು ಒಂದು ತುತ್ತು ತಿನ್ನುತ್ತಿದ್ದಳು, ಮತ್ತೆ ಗೋಡೆ. ದಿನಾ ಬೆಳಿಗ್ಗೆ ಒಂದು ಸಿರಿಂಜನ್ನು ತಟ್ಟೆಯಲ್ಲಿಟ್ಟು ಅವಳ ಹತ್ತಿರ ಇಡುತ್ತಿದ್ದೆ, ಸಂಜೆ ಹಾಗೇ ತೆಗೆದಿಡುತ್ತಿದ್ದೆ. ಅದನ್ನು ಎತ್ತಿ ಡಬ್ಬಕ್ಕೆ ಹಾಕುವಾಗ ನನ್ನ ಕೈಯಲ್ಲಿ ಒದ್ದೆ ಟವೆಲ್ ಇದ್ದ ಹಾಗೆ ಆಗುತ್ತಿತ್ತು. ಅದೇನು ಅಂತ ನೀವು ಬಂದ ಮೇಲೆ ಅವಳೇ ಹೇಳುತ್ತಾಳೆ.

ಮೊನ್ನೆ ಮಧ್ಯಾಹ್ನ. ನಾನು ಪರದೆಯ ಮೇಲೆ ಬಗ್ಗಿದ್ದೆ. ಹಿಂದಿನಿಂದ ಯಾರು ಬಂದರೂ ನನಗೆ ಕೇಳುವುದಿಲ್ಲ. ಹೆಗಲ ಮೇಲೆ ಎರಡು ಸಲ ತಟ್ಟಿದ ಹಾಗಾಯಿತು.

ತಿರುಗಿದೆ. ನಿಂತಿದ್ದಳು. ತಟ್ಟೆ ಅವಳ ಕೈಯಲ್ಲಿತ್ತು, ನನ್ನ ಕಾಗದ ಇನ್ನೊಂದು ಕೈಯಲ್ಲಿ. ಮಿಲ್ಲಿನಲ್ಲಿ ಹೀಗೆ ತಟ್ಟಿದರೆ, ನನ್ನಿಂದ ಆಗುತ್ತಿಲ್ಲ, ನನ್ನದನ್ನು ಸ್ವಲ್ಪ ಹೊತ್ತು ನೀನು ನೋಡಿಕೋ ಅಂತ ಅರ್ಥ.

ನಿನ್ನೆ ಆಸ್ಪತ್ರೆಗೂ ಕರೆದುಕೊಂಡು ಹೋಗಿದ್ದೆ. ಕಾಲು, ಎದೆ ಎಲ್ಲ ನೋಡಿದರು, ಅಕ್ಕನ ವಿಷಯವನ್ನೂ ಬರೆದುಕೊಂಡರು. ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಇನ್ನೊಂದು ದಿನವೂ ತಪ್ಪಿಸಬೇಡಿ ಅಂದರು. ತಪ್ಪಿಸುವುದಿಲ್ಲ.

ಮೊನ್ನೆಯದನ್ನು ಹೇಳಿ ಮುಗಿಸುತ್ತೇನೆ. ಅವಳು ಮಂಚದ ಮೇಲೆ ಕೂತು ಅಂಗಿ ಎತ್ತಿದಳು. ಹೊಟ್ಟೆ ಇನ್ನೂ ಸಡಿಲವಾಗಿತ್ತು, ಸಾಮಾನು ತೆಗೆದ ಚೀಲದ ಹಾಗೆ. ಹಳೇ ಕಲೆಗಳು ಅಲ್ಲಲ್ಲಿ ಕಂದಾಗಿ ಉಳಿದಿದ್ದವು, ನಾನು ಉಜ್ಜಿಸಿದ್ದು. ಬಲಗಡೆ ಚರ್ಮ ಹಿಡಿದೆ. ಸಿರಿಂಜಿನಲ್ಲಿ ಆ ಗುಳ್ಳೆ ಕಾಣುತ್ತಿತ್ತು, ಅವಳು ಬರೆದ ಹಾಗೆ, ಮೀನಿನ ಕಣ್ಣಿನಷ್ಟೇ. ನನ್ನ ಹೆಬ್ಬೆರಳು ತಾನಾಗಿ ಅದನ್ನು ಹಾರಿಸಲು ಹೋಯಿತು. ನಿಲ್ಲಿಸಿದೆ. ಹಾಗೇ ಬಿಟ್ಟೆ. ನೆಟ್ಟಗೆ ಇಳಿಸಿ ಮೆಲ್ಲಗೆ ಒತ್ತಿದೆ. ಮೊದಲು ಔಷಧಿ ಹೋಯಿತು, ಅದರ ಹಿಂದೆ ಗುಳ್ಳೆ ಹೋಯಿತು. ಒಂದು ಹನಿಯೂ ಉಳಿಯಲಿಲ್ಲ.

ಅವಳು ನನ್ನನ್ನೇ ನೋಡುತ್ತಿದ್ದಳು, ಮುಖ ತಿರುಗಿಸಲಿಲ್ಲ. ತುಟಿ ಅಲುಗಿತು. "ಉಜ್ಬೇಡ" ಅಂದಳು. ಅಷ್ಟೇ.

ಆ ಹನಿಗಳ ವಿಷಯ ಅವಳು ಹೇಳಲಿಲ್ಲ. ನನ್ನ ನಾಲಿಗೆಯ ತುದಿಯ ತನಕ ಬಂತು. ಕೇಳಲಿಲ್ಲ. ತಟ್ಟಿದವರನ್ನು ಏನೂ ಕೇಳುವ ಹಾಗಿಲ್ಲ, ಎಳೆ ಕಡಿಯದ ಹಾಗೆ ನೋಡಿಕೊಳ್ಳಬೇಕು.

ಬೇಗ ಬನ್ನಿ. ಇವತ್ತಿನದು ಆಯಿತು. ನಾಳೆ ಎಡಗಡೆ.

ನಿಮ್ಮ ಅತ್ತೆ